ಉತ್ತರ ಸಿಕ್ಕಿತು, ಲೆಕ್ಕ ತಪ್ಪಿತು!

ಸಂಜೆ ಬಸ್ಸಿನಲ್ಲಿ ತೊಡೆ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಒದ್ದಾಡುವ ಇಂಜಿನಿಯರಿಂಗ್ ಹುಡುಗರನ್ನು ಕೇಳಿ ನೋಡಿ. 'ಅಸೈನ್‌ಮೆಂಟು ಸಾರ್, ನಾಳೆ ಕೊಡ್ಬೇಕು' ಅನ್ನುತ್ತಾರೆ. ಡಿಪ್ಲೊಮಾ ಮುಗಿಸಿದವರು ಎರಡನೇ ವರ್ಷಕ್ಕೇ ನೇರ ಸೇರುತ್ತಾರೆ. ಮೊದಲ ವರ್ಷದ ಗಣಿತ ಓದಿಯೇ ಇರುವುದಿಲ್ಲ. ಎದುರಿಗೆ ಲಾಪ್ಲಾಸ್, ಫೋರಿಯರ್! ಗೆಳೆಯನ ಪುಸ್ತಕ ನೋಡಿ ಇಳಿಸಿದರೆ ಅಸೈನ್‌ಮೆಂಟಿನ ಅಂಕವೇನೋ ಬರುತ್ತದೆ. ಪರೀಕ್ಷೆಯಲ್ಲಿ ಡುಮ್ಕಿ. ಸಾಲ ಮಾಡಿ ಫೀಸು ಕಟ್ಟಿದ ಅಪ್ಪನಿಗೆ ಏನು ಹೇಳೋದು?

ಐಐಟಿಗಳೂ ಬೆಂಗಳೂರಿನ ಐಐಎಸ್‌ಸಿಯೂ ಸೇರಿ 2003ರಲ್ಲಿ ಆರಂಭಿಸಿದ ಎನ್‌ಪಿಟಿಇಎಲ್ ಪಾಠಗಳನ್ನು ಮೊಬೈಲಿನಲ್ಲೇ ಪುಕ್ಕಟೆ ನೋಡಬಹುದು. ಆದರೆ ಎಡವಿದ್ದೆಲ್ಲಿ ಎಂದು ತೋರಿಸಲು ಮೇಷ್ಟ್ರೇ ಬೇಕು. ಅವರ ಹತ್ತಿರ 'ಇಡೀ ಲೆಕ್ಕ ಮಾಡಿಕೊಡಿ' ಅನ್ನಬಾರದು. ತಾನು ಮಾಡಿದಷ್ಟನ್ನು ತೋರಿಸಿ, 'ಇಲ್ಲಿಂದ ಮುಂದೆ ಹೋಗ್ತಿಲ್ಲ ಸಾರ್' ಅನ್ನಬೇಕು.

ದಿನದ ಲೆಕ್ಕ ತಾಳೆಯಾಗದಿದ್ದರೆ ಅಂಗಡಿಯವರು ಹುಡುಕುವುದೂ ತಪ್ಪಿದ ಆ ಒಂದು ಸಾಲನ್ನೇ ಅಲ್ಲವೇ?