ಒಂದು ಕೀಲಿನ ಆಧಾರ

ಕಬ್ಬು ಅರೆಯುವ ಹಂಗಾಮು ಬಂತೆಂದರೆ ಮಂಡ್ಯ, ಬೆಳಗಾವಿ, ಬಾಗಲಕೋಟೆಗಳ ರಸ್ತೆಗಳಿಗೆ ಬೇರೆಯೇ ಒಂದು ಕಳೆ ಬರುತ್ತದೆ. ಹಗಲಿರುಳೆನ್ನದೆ ಟ್ರಾಕ್ಟರುಗಳು ಸಕ್ಕರೆ ಕಾರ್ಖಾನೆಯ ಕಡೆಗೆ ಸಾಗುತ್ತವೆ. ಒಂದೊಂದರ ಹಿಂದೆ ಒಂದು, ಕೆಲವೊಮ್ಮೆ ಎರಡು ಟ್ರೈಲರು. ಅವುಗಳ ಅಂಚು ಮೀರಿ ಚಾಚಿಕೊಂಡ ಹೊರೆ. ನೋಡುವ ಕಣ್ಣಿಗೆ ಅದು ಸಮೃದ್ಧಿಯ ಮೆರವಣಿಗೆ. ಆದರೆ ಅಷ್ಟೊಂದು ಟನ್ನು ಕಬ್ಬನ್ನು ಟ್ರಾಕ್ಟರಿಗೆ ಬಂಧಿಸಿರುವುದು ಯಾವುದೆಂದು ಬಾಗಿ ನೋಡಿದವರು ವಿರಳ. ಒಂದು ಕಬ್ಬಿಣದ ಕೀಲು, ಅಷ್ಟೆ.

ಟ್ರಾಕ್ಟರಿನ ಹಿಂಬದಿಯ ಕೊಂಡಿಯಲ್ಲಿ ಟ್ರೈಲರಿನ ಮೂಕಿಯ ಬಳೆಯನ್ನಿಟ್ಟು, ಎರಡರ ಮೂಲಕವೂ ಈ ಕೀಲನ್ನು ಮೇಲಿನಿಂದ ಇಳಿಬಿಡುತ್ತಾರೆ. ಅದು ಮೇಲೆದ್ದು ಬಾರದಂತೆ ಕೆಳತುದಿಯ ರಂಧ್ರದಲ್ಲಿ ಒಂದು ಕ್ಲಿಪ್ಪು ಇರಬೇಕು. ಕ್ಲಿಪ್ಪು ಕಳೆದುಹೋದರೆ ಮೊಳೆಯೋ ತಂತಿಯೋ ಆ ಸ್ಥಾನಕ್ಕೆ ಬರುತ್ತದೆ. ಕೆಲವೆಡೆ ಏನೂ ಬರುವುದಿಲ್ಲ. ಕೀಲೇ ಸವೆದಾಗ ಕೈಗೆ ಸಿಕ್ಕಿದ ಬೋಲ್ಟು. ವರ್ಷಗಳ ಎಳೆದಾಟದಿಂದ ಬಳೆಯ ದುಂಡು ತೂತು ಅಗಲವಾಗಿ, ರಸ್ತೆಯ ಪ್ರತಿಯೊಂದು ಗುಂಡಿಯೂ ಕೀಲಿಗೆ ಸುತ್ತಿಗೆಯ ಪೆಟ್ಟಾಗುತ್ತದೆ.

ನಮ್ಮ ಹಳೆಯ ಗಾಡಿಕಾರರು ಮುಂಭಾರ, ಹಿಂಭಾರಗಳನ್ನು ಚೆನ್ನಾಗಿ ಬಲ್ಲವರಾಗಿದ್ದರು. ಹಿಂಭಾರವಾದರೆ ಮೂಕಿ ಮೇಲೆದ್ದು ಎತ್ತಿನ ಕೊರಳು ಬಿಗಿಯುವುದು. ಎತ್ತೇ ನಿಂತು ತಿಳಿಸುವುದು. ಟ್ರಾಕ್ಟರಿಗೆ ಆ ಸೂಕ್ಷ್ಮವಿಲ್ಲ. ಎರಡು ಚಕ್ರದ ಟ್ರೈಲರಿನಲ್ಲಿ ಭಾರ ಅಚ್ಚಿನ ಹಿಂದಕ್ಕೆ ಸರಿದರೆ ಮೂಕಿ ಮೇಲ್ಮುಖವಾಗಿ ಒತ್ತುತ್ತದೆ. ಟ್ರಾಕ್ಟರಿನ ಹಿಂಗಾಲಿಗಳ ಹಿಡಿತ ಸಡಿಲುತ್ತದೆ, ಕ್ಲಿಪ್ಪಿಲ್ಲದ ಕೀಲು ಕುಲುಕಾಟಕ್ಕೆ ಇಷ್ಟಿಷ್ಟೇ ಏಳುತ್ತದೆ. ಎಂಜಿನಿನ ಅಬ್ಬರದಲ್ಲಿ ಚಾಲಕನಿಗೆ ಇದಾವುದೂ ಕೇಳಿಸದು.

ಕಳಚಿದ ಟ್ರೈಲರಿಗೆ ಚುಕ್ಕಾಣಿಯಿಲ್ಲ. ಎಷ್ಟೋ ಟ್ರೈಲರುಗಳಿಗೆ ಸ್ವಂತ ಬ್ರೇಕೂ ಇಲ್ಲ. ಏರಿನಲ್ಲಿ ಕಳಚಿದರೆ ಹಿಂದೆ ಬರುವವರ ಮೇಲೆ, ಇಳಿಜಾರಿನಲ್ಲಿ ಎದುರಿನವರ ಮೇಲೆ. ಕಳಚದಿದ್ದರೂ ಅಪಾಯ ತಪ್ಪಿತೆನ್ನುವಂತಿಲ್ಲ. ಇಳಿಜಾರಿನಲ್ಲಿ ಚಾಲಕನು ಥಟ್ಟನೆ ಬ್ರೇಕು ಒತ್ತಿದರೆ, ಬ್ರೇಕಿಲ್ಲದ ಹೊರೆ ಹಿಂದಿನಿಂದ ನೂಕಿ ಟ್ರಾಕ್ಟರನ್ನೇ ಅಡ್ಡ ತಿರುಗಿಸಬಹುದು. ವೇಗ ಇಮ್ಮಡಿಯಾದರೆ ಆ ನೂಕಿನ ಹಿಂದಿನ ಶಕ್ತಿ ನಾಲ್ಮಡಿಯಾಗುತ್ತದೆ.

ನಗರವಾಸಿಗಳಾದ ನಮಗೂ ಇದಕ್ಕೂ ಏನು ಸಂಬಂಧ ಎನ್ನುವಿರೋ? ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥಗಳಲ್ಲಿ 2023ರ ಆಗಸ್ಟ್ 1ರಿಂದ ಟ್ರಾಕ್ಟರುಗಳನ್ನೂ ದ್ವಿಚಕ್ರ ವಾಹನಗಳನ್ನೂ ನಿಷೇಧಿಸಲಾಯಿತು. ವೇಗದ ಕಾರುಗಳಿಂದ ಅವನ್ನು ದೂರವಿಟ್ಟದ್ದು ಸರಿಯೇ. ಆದರೆ ಫಲವೇನೆಂದರೆ, ಹೆಂಡತಿಮಕ್ಕಳನ್ನು ಕೂರಿಸಿಕೊಂಡ ಸ್ಕೂಟರೂ ಕಬ್ಬಿನ ಟ್ರೈಲರೂ ಕಿರಿದಾದ ಸರ್ವೀಸ್ ರಸ್ತೆಯಲ್ಲಿ ಜೊತೆಯಾದವು. ಮುಸ್ಸಂಜೆಯಲ್ಲಿ ಕೆಂಪು ದೀಪವಾಗಲಿ ಪ್ರತಿಫಲಕವಾಗಲಿ ಇಲ್ಲದ ಹೊರೆ, ಹತ್ತಿರವಾಗುವವರೆಗೂ ಕತ್ತಲೆಯ ಒಂದು ತುಂಡಿನಂತೆಯೇ ತೋರುತ್ತದೆ. ಇನ್ನು, ಚಲಿಸುವ ಟ್ರೈಲರಿನ ಹಿಂದೆ ಓಡಿ ಕಬ್ಬಿನ ಜಲ್ಲೆ ಸೆಳೆಯುವ ಹುಡುಗರನ್ನು ಯಾರು ಕಂಡಿಲ್ಲ? ನಾವು ಅದನ್ನು ನೋಡಿ ನಗುತ್ತೇವೆ!

ಪರಿಹಾರ ದುಬಾರಿಯದೇನಲ್ಲ. ಅಳತೆಗೆ ತಕ್ಕ ಕೀಲು, ಅದಕ್ಕೊಂದು ಕ್ಲಿಪ್ಪು, ಮೂಕಿಯ ಕೆಳಗೆ ಅಡ್ಡಡ್ಡವಾಗಿ ಹಾಯಿಸಿದ ಎರಡು ಸರಪಳಿ. ಕೀಲು ಮುರಿದರೂ ಸರಪಳಿಗಳ ಆ ಕತ್ತರಿ, ಮೂಕಿ ನೆಲಕ್ಕೆ ಬೀಳದಂತೆ ತೊಟ್ಟಿಲಾಗಿ ಹಿಡಿಯುತ್ತದೆ. ತಿರುವಿನಲ್ಲಿ ಬಿಗಿಯಬಾರದು, ನೆಲಕ್ಕೆ ತಾಗಲೂಬಾರದು. ಅಷ್ಟು ಉದ್ದವಿದ್ದರೆ ಸಾಕು.

ಕಾಯಿದೆಯೂ ಸುಮ್ಮನಿಲ್ಲ. 1988ರ ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಮಾಡಿದ ತಿದ್ದುಪಡಿಯ ಪ್ರಕಾರ ಮಿತಿಮೀರಿದ ಹೊರೆಗೆ ದಂಡ 20,000 ರೂಪಾಯಿ. ಹೆಚ್ಚುವರಿ ಟನ್ನೊಂದಕ್ಕೆ ಮತ್ತೆ 2,000. ಆದರೆ ಬಾಡಿಗೆ ಟನ್ನಿನ ಲೆಕ್ಕದಲ್ಲಿ ಸಿಗುವಾಗ ಹೊರೆ ತಗ್ಗಿಸುವ ಮನಸ್ಸು ಯಾರಿಗೆ ಬಂದೀತು? ಚಾಲಕನೊಬ್ಬನನ್ನೇ ದೂರುವುದು ನನಗೆ ನ್ಯಾಯವೆನಿಸದು. ಪ್ರತಿಯೊಂದು ಟ್ರಾಕ್ಟರೂ ಕಾರ್ಖಾನೆಯ ಬಾಗಿಲಲ್ಲಿ ಗಂಟೆಗಟ್ಟಲೆ ಸಾಲು ನಿಲ್ಲುತ್ತದೆ, ತೂಕದ ಸೇತುವೆಯನ್ನು ಹತ್ತಿ ಇಳಿಯುತ್ತದೆ. ಕಬ್ಬಿನ ತೂಕವನ್ನು ಅಲ್ಲಿ ಕಿಲೋಗ್ರಾಂ ತಪ್ಪದಂತೆ ಬರೆದುಕೊಳ್ಳುವ ಗುಮಾಸ್ತರಿದ್ದಾರೆ. ಅದೇ ಸಾಲಿನಲ್ಲಿ ಟಾರ್ಚು ಹಿಡಿದು ಕೀಲನ್ನೂ ಸರಪಳಿಯನ್ನೂ ನೋಡಲು ಇನ್ನೊಬ್ಬನನ್ನು ನೇಮಿಸಲು ಕಾರ್ಖಾನೆಗಳಿಗೆ ಅಡ್ಡಿಯೇನು?