ಕರಿದ ತಿಂಡಿಗಳಲ್ಲಿ ಎಣ್ಣೆಯ ಜಿಡ್ಡನ್ನು ತಗ್ಗಿಸುವ ಕ್ರಮ

ಬಂಗಾರಪೇಟೆ ಮತ್ತು ಕೋಲಾರ ಚಿನ್ನದ ಗಣಿ ಪ್ರದೇಶದ ಗ್ರಾಮಗಳಲ್ಲಿ ಹಬ್ಬ, ಮದುವೆ, ಜಾತ್ರೆಗಳು ಬಂದವೆಂದರೆ ವಡೆ, ನಿಪ್ಪಟ್ಟು, ಚಕ್ಕುಲಿಗಳಿಗಾಗಿ ಬಾಂಡಲೆಯನ್ನು ಒಲೆಯ ಮೇಲಿಡುವುದು ವಾಡಿಕೆಯಾಗಿದೆ. ಬಂಗಾರಪೇಟೆಯ ಪಾನಿಪೂರಿಯಂತೂ ದೂರದೂರುಗಳಲ್ಲಿ ಹೆಸರು ಪಡೆದಿದೆ. ಪೂರಿಯು ಗರಿಗರಿಯಾಗಿದ್ದರೆ ಮಾತ್ರ ಅದಕ್ಕೆ ರುಚಿ. ಎಣ್ಣೆ ಕುಡಿದ ಪೂರಿಯನ್ನು ಯಾರೂ ಮೆಚ್ಚರು. ಮನೆಯಲ್ಲಿ ಕರಿದ ತಿಂಡಿಯ ಸಂಗತಿಯೂ ಇದೇ ಆಗಿರುತ್ತದೆ.

ಜಿಡ್ಡಿಗೆ ಕಾರಣವನ್ನು ಮೊದಲು ತಿಳಿಯತಕ್ಕದ್ದು. ಹಿಟ್ಟನ್ನು ಕಾದ ಎಣ್ಣೆಗೆ ಬಿಟ್ಟೊಡನೆ ಅದರಲ್ಲಿರುವ ನೀರು ಆವಿಯಾಗಿ ರಭಸದಿಂದ ಹೊರಗೆ ನುಗ್ಗುತ್ತದೆ. ಏಳುವ ಗುಳ್ಳೆಗಳೇ ಇದಕ್ಕೆ ಸಾಕ್ಷಿ. ಈ ಆವಿಯ ಒತ್ತಡವಿರುವವರೆಗೆ ಎಣ್ಣೆಯು ಸುಲಭವಾಗಿ ಒಳಹೋಗಲಾರದು. ತಿಂಡಿಯನ್ನು ಹೊರತೆಗೆದು ಅದು ಆರತೊಡಗಿದಾಗ ಒಳಗಿನ ಆವಿಯು ಕುಗ್ಗಿ, ಮೇಲ್ಮೈಗೆ ಅಂಟಿರುವ ಎಣ್ಣೆಯನ್ನು ರಂಧ್ರಗಳ ಮೂಲಕ ಒಳಕ್ಕೆ ಸೆಳೆದುಕೊಳ್ಳುತ್ತದೆ. ಹೀಗೆ ಎಣ್ಣೆಯ ಬಹುಭಾಗವು ಬಾಂಡಲೆಯಲ್ಲಲ್ಲದೆ ಬಾಂಡಲೆಯಿಂದ ತೆಗೆದ ಮೇಲೆಯೇ ಒಳಸೇರುವುದು.

ಆದುದರಿಂದ ಕೆಳಗಿನ ಕ್ರಮಗಳನ್ನು ಅನುಸರಿಸುವುದು ಮೇಲು.

1. ಹಿಟ್ಟನ್ನು ಗಟ್ಟಿಯಾಗಿ ಕಲಸಬೇಕು. ನೀರು ಹೆಚ್ಚಾದಷ್ಟೂ ರಂಧ್ರಗಳು ಹೆಚ್ಚುವುವು. ಅಡಿಗೆ ಸೋಡವನ್ನು ಮಿತಿಮೀರಿ ಹಾಕುವುದರಿಂದಲೂ ಇದೇ ಫಲ. ಬೋಂಡದ ಕಡಲೆಹಿಟ್ಟಿಗೆ ಸ್ವಲ್ಪ ಅಕ್ಕಿಹಿಟ್ಟನ್ನು ಬೆರೆಸಿದರೆ ತಿಂಡಿಯು ಗರಿಯಾಗುವುದು.

2. ಎಣ್ಣೆಯು 170ರಿಂದ 180 ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾದಿರಬೇಕು. ಉಷ್ಣಮಾಪಕವಿಲ್ಲದವರು ಹಿಟ್ಟಿನ ಚಿಕ್ಕ ಉಂಡೆಯನ್ನು ಬಿಟ್ಟು ನೋಡಬಹುದು. ಅದು ಒಡನೆ ಮೇಲೇಳಬೇಕು; ಕ್ಷಣಮಾತ್ರದಲ್ಲಿ ಕಪ್ಪಾಗಬಾರದು. ಹೊಗೆಯೇಳುವಷ್ಟು ಕಾಯಿಸುವುದು ಕೆಡುಕು.

3. ಒಂದೇ ಬಾರಿಗೆ ಬಾಂಡಲೆಯನ್ನು ತುಂಬಿಸಬಾರದು. ಹಾಗೆ ಮಾಡಿದರೆ ಎಣ್ಣೆಯ ಕಾವು ಇಳಿದು, ತಿಂಡಿಯು ಬೇಯಲು ತಡವಾಗಿ ಜಿಡ್ಡು ಹಿಡಿಯುವುದು.

4. ತಿಂಡಿಯನ್ನು ಜಾಲರಿಯಿಂದೆತ್ತಿ, ಬಾಂಡಲೆಯ ಮೇಲೆಯೇ ಕೊಡವಿ, ಬಿಸಿಯಾಗಿರುವಾಗಲೇ ತೂತುಗಳುಳ್ಳ ತಟ್ಟೆಯ ಮೇಲೆ ಒಂದೇ ಪದರವಾಗಿ ಹರಡಬೇಕು. ಆರಿದ ಮೇಲೆ ಕಾಗದದಿಂದೊತ್ತುವುದರಿಂದ ಅಷ್ಟಾಗಿ ಪ್ರಯೋಜನವಿಲ್ಲ.

5. ಒಮ್ಮೆ ಕಾಯಿಸಿದ ಎಣ್ಣೆಯನ್ನು ಸೋಸಿಟ್ಟು ಬೇಗನೆ ಮುಗಿಸಬೇಕು. ಕಪ್ಪಾಗಿ ಮಂದವಾಗಿ ನೊರೆಯೇಳುವ ಎಣ್ಣೆಯು ತಿಂಡಿಗೆ ಹೆಚ್ಚಾಗಿ ಅಂಟಿಕೊಳ್ಳುವುದಲ್ಲದೆ ಆರೋಗ್ಯಕ್ಕೂ ಹಾನಿಕರ. ಕೆಟ್ಟ ಎಣ್ಣೆಯಲ್ಲಿ ಹುಟ್ಟುವ ಧ್ರುವೀಯ ಸಂಯುಕ್ತಗಳು ನೂರಕ್ಕೆ 25 ಭಾಗವನ್ನು ಮೀರಿದ ಎಣ್ಣೆಯನ್ನು ಆಹಾರ ವ್ಯಾಪಾರಿಗಳು ಉಪಯೋಗಿಸಕೂಡದೆಂಬ ನಿಯಮವು 2018ನೆಯ ಜುಲೈ 1ರಿಂದ ಭಾರತದಲ್ಲಿ ಜಾರಿಯಲ್ಲಿದೆ.

ಒಂದು ಗ್ರಾಂ ಎಣ್ಣೆಯಿಂದ ಸುಮಾರು 9 ಕ್ಯಾಲೊರಿಗಳಷ್ಟು ಶಕ್ತಿಯು ಬರುವುದು. ಹೊಲದಲ್ಲಿ ದುಡಿಯುವವನಿಗೆ ಇದು ಹೊರೆಯಾಗದಿರಬಹುದು. ಕುಳಿತು ಕೆಲಸ ಮಾಡುವವರಿಗೆ ಮಿತಿಯು ಅವಶ್ಯಕ. ಅದೂ ಅಲ್ಲದೆ ದೇಶಕ್ಕೆ ಬೇಕಾದ ಅಡಿಗೆಯೆಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗವು ಹೊರದೇಶಗಳಿಂದ ಬರುತ್ತಿರುವಾಗ, ಉಳಿತಾಯ ಮಾಡಿದ ಪ್ರತಿಯೊಂದು ಸೇರು ಎಣ್ಣೆಯೂ ಲಾಭವೇ ಸರಿ. ಕಡಲೆಕಾಯಿ ಬೆಳೆಯುವ ಭೂಮಾಲೀಕರು ಕಾಯಿಯನ್ನು ಚೆನ್ನಾಗಿ ಒಣಗಿಸಿ, ಬೂಷ್ಟು ಹಿಡಿದುದನ್ನು ಬೇರ್ಪಡಿಸಿಯೇ ಗಾಣಕ್ಕೆ ಕಳುಹಿಸತಕ್ಕದ್ದು. ಗ್ರಾಮದ ಮುಖಂಡರು ಮುಂದಿನ ಜಾತ್ರೆಯ ಅಡಿಗೆಮನೆಯಲ್ಲಿ ಈ ಕ್ರಮಗಳನ್ನು ಆಚರಣೆಗೆ ತಂದರೆ, ಮನೆಮನೆಯ ಹೆಂಗಸರು ಕಣ್ಣಾರೆ ಕಂಡು ಅನುಸರಿಸುವರು.