ಆಮವಾತವೂ ಚೀನೀಯರ ‘ಬೀ’ ರೋಗವೂ

ಹೈದರಾಬಾದಿನ ಸುಲ್ತಾನ್ ಬಜಾರು 1933ರವರೆಗೆ ರೆಸಿಡೆನ್ಸಿ ಬಜಾರೆಂದು ಹೆಸರಾಗಿತ್ತು. ಅದರ ಮಗ್ಗುಲಲ್ಲಿಯೇ ಕೋಠಿಯ ಉಸ್ಮಾನಿಯಾ ವೈದ್ಯಕೀಯ ಕಾಲೇಜು. ಮೂಸಿ ನದಿಯನ್ನು ದಾಟಿ ಮುಂದೆ ಹೋದರೆ ಚಾರ್ಮಿನಾರಿನ ಬಳಿ ನಿಜಾಮಿಯಾ ಯುನಾನಿ ಆಸ್ಪತ್ರೆ. ಎರಡು ಕೈಗಳ ಗಿಣ್ಣುಗಳೂ ಬಾತು, ಮುಂಜಾನೆ ಬೆರಳು ಮಡಿಸಲಾರದೆ ನರಳುವ ಗೃಹಿಣಿಗೆ ಈ ಪೇಟೆಯ ಆಸುಪಾಸಿನಲ್ಲಿ ತನ್ನ ರೋಗಕ್ಕೆ ಮೂರು ಹೆಸರುಗಳು ದೊರೆಯುತ್ತವೆ. ಆಯುರ್ವೇದ ಪಂಡಿತರು ಆಮವಾತವೆನ್ನುವರು, ಹಕೀಮರು ವಜಾ ಉಲ್ ಮಫಾಸಿಲ್ ಎನ್ನುವರು, ಡಾಕ್ಟರರು ರುಮಟಾಯ್ಡ್ ಆರ್ಥ್ರೈಟಿಸ್ ಎನ್ನುವರು. ಚೀನೀಯರ ‘ಬೀ’ ನಾಲ್ಕನೆಯ ಹೆಸರು.

ಈ ಹೆಸರುಗಳು ಪರ್ಯಾಯಪದಗಳಲ್ಲ. ಹಕೀಮರ ಮಾತಿಗೆ ಕೀಲುಗಳ ನೋವೆಂದಷ್ಟೇ ಅರ್ಥ. ಅದಕ್ಕೆ ಅವರು ಕೊಡುವ ಪ್ರಸಿದ್ಧ ಮೂಲಿಕೆ ಸೂರಂಜಾನ್. ಅದರ ಜಾತಿಯ ಗಿಡದಿಂದ ದೊರೆಯುವ ಕಾಲ್ಚಿಸಿನ್, ಯೂರಿಕ್ ಆಮ್ಲದಿಂದ ಬರುವ ಗೌಟ್ ಎಂಬ ಸಂಧಿರೋಗದಲ್ಲಿ ಬಲು ಗುಣಕಾರಿ. ಪ್ರಕೃತ ರೋಗದಲ್ಲಿ ಹಾಗಲ್ಲ. ನೆರೆಯವನಿಗೆ ಒದಗಿದ ಮದ್ದು ತನಗೇಕೆ ಒದಗಲಿಲ್ಲವೆಂಬ ರೋಗಿಯ ಪ್ರಶ್ನೆಗೆ ಉತ್ತರ ಇಲ್ಲಿದೆ.

ನಮ್ಮಲ್ಲಿ ಆಮವಾತವನ್ನು ಪ್ರತ್ಯೇಕ ರೋಗವಾಗಿ ವಿವರಿಸಿದವನು ‘ಮಾಧವನಿದಾನ’ದ ಕರ್ತೃ ಮಾಧವಕರ. ಅಗ್ನಿಮಾಂದ್ಯದಿಂದ ಪಕ್ವವಾಗದೆ ಉಳಿದ ಆಮವು ವಾತದೊಡನೆ ಕೂಡಿ ಸಂಧಿಗಳಲ್ಲಿ ನೆಲೆಸುವುದೆಂದು ಅವನ ಮತ. ಜ್ವರ, ಅರುಚಿ, ಮೈಭಾರ, ಚೇಳು ಕುಟುಕಿದಂತಹ ನೋವುಗಳನ್ನು ಅವನು ಹೇಳಿದ್ದಾನೆ. ಇದು ಕೇವಲ ಕೀಲಿನ ಬೇನೆಯಲ್ಲ, ಸರ್ವಾಂಗದ ರೋಗವೆಂದು ಅವನು ಕಂಡುಕೊಂಡದ್ದು ಮೆಚ್ಚತಕ್ಕ ವಿಷಯ. ಚಿಕಿತ್ಸೆಯೂ ಲಂಘನದಿಂದಲೇ ಮೊದಲಾಗುತ್ತದೆ. ಎಣ್ಣೆ ತಿಕ್ಕದೆ ಬಿಸಿ ಮರಳಿನ ಶಾಖ, ಬಳಿಕ ಹರಳೆಣ್ಣೆಯ ವಿರೇಚನ.

ಚೀನೀಯರ ದೃಷ್ಟಿ ಬೇರೆ. ‘ಬೀ’ ಎಂದರೆ ತಡೆ. ಗಾಳಿ, ಚಳಿ, ತೇವ ಮೂರೂ ಕೂಡಿ ಒಳಹೊಕ್ಕು ‘ಛೀ’ ಎಂಬ ಪ್ರಾಣಶಕ್ತಿಯ ಮತ್ತು ರಕ್ತದ ಸಂಚಾರವನ್ನು ತಡೆಯುವುವೆಂದು ಅವರ ಪ್ರಾಚೀನ ಗ್ರಂಥ ‘ಹುವಾಂಗ್‌ದಿ ನೈಜಿಂಗ್’ ಹೇಳುತ್ತದೆ. ಗಾಳಿ ಮಿಕ್ಕರೆ ನೋವು ಕೀಲಿನಿಂದ ಕೀಲಿಗೆ ಅಲೆಯುವುದು; ಚಳಿ ಮಿಕ್ಕರೆ ತೀವ್ರವಾಗುವುದು; ತೇವ ಮಿಕ್ಕರೆ ಒಂದೆಡೆ ಭಾರವಾಗಿ ನಿಲ್ಲುವುದು. ಹಾನ್ ರಾಜವಂಶದ ಕೊನೆಗಾಲದ ವೈದ್ಯ ಜಾಂಗ್ ಜೊಂಗ್‌ಜಿಂಗ್ ಇಂತಹ ರೋಗಿಗಳಿಗೆ ವಿಧಿಸಿದ ಕಷಾಯವೊಂದರಲ್ಲಿ ದಾಲ್ಚಿನ್ನಿಯ ಕಡ್ಡಿ, ಶುಂಠಿಗಳ ಜೊತೆಗೆ ನಮ್ಮ ವತ್ಸನಾಭಿಯ ಕುಲದ ವಿಷಬೇರೂ ಸೇರಿದೆ. ಅದನ್ನು ಸಂಸ್ಕರಿಸಿಯೇ ಬಳಸಬೇಕೆಂಬ ನಿಯಮ ಎರಡು ದೇಶಗಳಲ್ಲಿಯೂ ಒಂದೇ.

ಸೂಜಿಚಿಕಿತ್ಸೆಯನ್ನು ಭಾರತಕ್ಕೆ ತಂದವರು ಡಾ. ಬಿ. ಕೆ. ಬಸು. 1938ರಲ್ಲಿ ಚೀನಾಕ್ಕೆ ಹೋದ ಭಾರತೀಯ ವೈದ್ಯಕೀಯ ತಂಡದಲ್ಲಿ ಅವರು ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನೀಸರ ಸಂಗಡಿಗರಾಗಿದ್ದರು. ಕೋಟ್ನೀಸರು 1942ರಲ್ಲಿ ಅಲ್ಲಿಯೇ ತೀರಿಕೊಂಡರು. ಸೂಜಿಯಿಂದ ಕೆಲವರಿಗೆ ನೋವು ಶಮನವಾದೀತು. ಕೀಲಿನ ಸವೆತ ನಿಲ್ಲುವುದೆಂಬುದಕ್ಕೆ ದೃಢವಾದ ಪ್ರಮಾಣ ದೊರೆತಿಲ್ಲ.

ಸವೆತವೇ ಇಲ್ಲಿನ ಮುಖ್ಯ ವಿಚಾರ. ಶರೀರದ ರಕ್ಷಣಾವ್ಯವಸ್ಥೆ ತನ್ನ ಕೀಲುಪೊರೆಯ ಮೇಲೆಯೇ ತಿರುಗಿಬೀಳುವುದು ಈ ರೋಗದ ಸ್ವರೂಪ. ಮೊದಲ ಒಂದೆರಡು ವರ್ಷಗಳಲ್ಲಿಯೇ ಎಲುಬು ಕೊರೆಯತೊಡಗುತ್ತದೆ. ಕೊರೆದದ್ದು ಮರಳಿ ತುಂಬುವುದು ದುರ್ಲಭ. ಮದ್ದು ಬದಲಿಸುತ್ತ ಕಳೆದ ತಿಂಗಳುಗಳಿಗೆ ರೋಗಿ ತೆರುವ ಬೆಲೆ ಬೆರಳುಗಳ ವಕ್ರತೆ.

ಚೀನೀ ಮೂಲಿಕೆಗಳಲ್ಲಿ ಹೆಚ್ಚಾಗಿ ಪರೀಕ್ಷೆಗೆ ಒಳಗಾದುದು ‘ಲೈ ಗೊಂಗ್ ಥೆಂಗ್’, ಅಂದರೆ ಸಿಡಿಲದೇವನ ಬಳ್ಳಿ. 2014ರಲ್ಲಿ ಪ್ರಕಟವಾದ ಚೀನೀ ಪ್ರಯೋಗವೊಂದರಲ್ಲಿ 207 ರೋಗಿಗಳನ್ನು 24 ವಾರ ಪರೀಕ್ಷಿಸಲಾಯಿತು. ಮೆಥೊಟ್ರೆಕ್ಸೇಟ್ ಪಡೆದವರಲ್ಲಿ ಶೇಕಡ 46.4, ಬಳ್ಳಿಯ ಸಾರ ಪಡೆದವರಲ್ಲಿ 55.1, ಎರಡನ್ನೂ ಪಡೆದವರಲ್ಲಿ 76.8 ಮಂದಿ ಅರ್ಧದಷ್ಟು ಸುಧಾರಣೆಯ ಮಟ್ಟ ಮುಟ್ಟಿದರು. ಆದರೆ ಯಾರಿಗೆ ಯಾವ ಮದ್ದೆಂಬುದು ಗುಟ್ಟಾಗಿರಲಿಲ್ಲ. ಮೇಲಾಗಿ ಈ ಬಳ್ಳಿ ಸ್ತ್ರೀಯರ ಮುಟ್ಟನ್ನು ನಿಲ್ಲಿಸಬಲ್ಲುದು, ಪುರುಷರ ಸಂತಾನಶಕ್ತಿಯನ್ನು ಕುಂದಿಸಬಲ್ಲುದು. ಈ ರೋಗ ಪುರುಷರಿಗಿಂತ ಸ್ತ್ರೀಯರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಆದುದರಿಂದ ಇದು ಸಣ್ಣ ದೋಷವಲ್ಲ.

ಆಯುರ್ವೇದಕ್ಕೂ ಇಂತಹ ಒಂದು ಪರೀಕ್ಷೆ ನಡೆದಿದೆ. ಕೊಯಮತ್ತೂರಿನಲ್ಲಿ ಆಯುರ್ವೇದ, ಮೆಥೊಟ್ರೆಕ್ಸೇಟ್, ಇವೆರಡರ ಜೋಡಿ ಎಂದು ಮೂರು ಗುಂಪು ಮಾಡಿ ನಡೆಸಿದ ಪ್ರಯೋಗದ ವರದಿ 2011ರಲ್ಲಿ ಹೊರಬಂತು. ಯಾರಿಗೆ ಯಾವ ಮದ್ದೆಂಬುದನ್ನು ಇಲ್ಲಿ ಮರೆಮಾಚಲಾಗಿತ್ತು. ಮೂರೂ ಗುಂಪುಗಳ ಫಲ ಹೆಚ್ಚುಕಡಿಮೆ ಸಮವಾಗಿತ್ತು. ಆದರೆ ರೋಗಿಗಳು 43 ಮಂದಿ ಮಾತ್ರ. ಅಷ್ಟರಿಂದ ಚಿಕಿತ್ಸೆಗಳ ತಾರತಮ್ಯವನ್ನು ನಿರ್ಣಯಿಸಲು ಬಾರದು.